ನನ್ನ ನೋಟ್ಸಿನ ಎಡಗಡೆಯ ಅಂಚು

ಕೊಡುವ ಕೈ ಎಲ್ಲ ವಿಷಯದಲ್ಲೂ ಒಂದೇ ಥರ ಇರುವುದಿಲ್ಲ. ನಾನು ಕೇಳಿದವರಿಗೆ ಪೆನ್ನು ಕೊಟ್ಟಿದ್ದೇನೆ, ಛತ್ರಿ ಕೊಟ್ಟಿದ್ದೇನೆ, ಒಮ್ಮೆ ಸಹೋದ್ಯೋಗಿಗೆ ಸ್ಕೂಟರನ್ನೇ ಕೊಟ್ಟು ಬೆಟಗೇರಿಯಿಂದ ಗದಗಿನ ಬಸ್ ಸ್ಟ್ಯಾಂಡಿನವರೆಗೆ ನಡೆದಿದ್ದೇನೆ. ಆದರೆ ನನ್ನ ನೋಟ್ಸನ್ನು ಮಾತ್ರ ಯಾರಿಗೂ ಕೊಟ್ಟವನಲ್ಲ. ಬೆಟಗೇರಿಯ ಒಂದು ಸಣ್ಣ ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಅರ್ಥಶಾಸ್ತ್ರ ಹೇಳುತ್ತಿದ್ದೇನೆ. ಅರ್ಥಶಾಸ್ತ್ರ ವಿಭಾಗ ಎಂದರೆ ನಾನು, ಒಂದು ಕಪಾಟು, ಅದರ ಕೀಲಿ. ಕಪಾಟಿನೊಳಗೆ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ನನ್ನ ಹೆಂಡತಿ ರಟ್ಟು ಹಾಕಿಕೊಟ್ಟ ಒಂದು ದಪ್ಪ ನೋಟ್‌ಬುಕ್ಕು.

ಅದನ್ನು ಮುಚ್ಚಿಡಲು ಕಾರಣವಿತ್ತು. 'ಆ ಸರ ಪುಸ್ತಕಾನ ಮುಟ್ಟಂಗಿಲ್ಲ, ಎಲ್ಲಾ ಬಾಯಾಗ' ಎಂದು ವಿದ್ಯಾರ್ಥಿಗಳಲ್ಲಿ ನನಗೊಂದು ಹೆಸರಿದೆ. ಸಂಬಳ, ಬಡ್ತಿ ಇವೆಲ್ಲ ಸರಕಾರದ ಕೈಯಲ್ಲಿದ್ದರೆ ಈ ಹೆಸರೊಂದು ನಾನೇ ಗಳಿಸಿಕೊಂಡದ್ದು. ಅದನ್ನು ಗಳಿಸುವುದು ಸುಲಭವಿರಲಿಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಆ ನೋಟ್‌ಬುಕ್ಕನ್ನು ಬಾಯಿಪಾಠ ಮಾಡಬೇಕು. ಬರೀ ಪಾಠವನ್ನಷ್ಟೇ ಅಲ್ಲ, ಎಡಗಡೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡದ್ದನ್ನೂ. 'ಇಲ್ಲಿ ಕಿಟಕಿಯ ಹೊರಗೆ ನೋಡಿ, ತಟ್ಟನೆ ಹೊಳೆದಂತೆ ಮಿರ್ಚಿ ಬಜ್ಜಿ ಗಾಡಿಯ ಉದಾಹರಣೆ.' 'ಇಲ್ಲಿ ಕೆಮ್ಮುವುದು.' 'ಯಾರಾದರೂ ಪ್ರಶ್ನೆ ಕೇಳಿದರೆ, ಬಹಳ ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ ಎನ್ನುವುದು.'

ಹೀಗಿರುವಾಗ ಹೊಸ ಪಠ್ಯಕ್ರಮ ಬಂತು, ಅದಕ್ಕೆ ಕನ್ನಡದಲ್ಲಿ ಪುಸ್ತಕ ಬರಲಿಲ್ಲ. ಗದಗಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಸೇರಿದ್ದಾಗ, ಊಟದ ಬಿಡುವಿನಲ್ಲಿ ಶಿರಹಟ್ಟಿಯ ಸುಜಾತಾ ಮೇಡಂ ಮಾತು ತೆಗೆದರು. ಆಕೆ ನಮ್ಮಲ್ಲೆಲ್ಲ ಚಿಕ್ಕವರು, ಹುರುಪಿನವರು. "ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆ ಅರ್ಥಶಾಸ್ತ್ರಕ್ಕ ಒಬ್ಬೊಬ್ರ ಅದೀವ್ರಿ. ಎಲ್ಲಾರೂ ನಾಲ್ಕ್ನಾಲ್ಕು ಘಟಕ ಬರಿಯೂದು ಯಾಕ್ರಿ ಸರ? ಒಬ್ರಿಗೆ ಒಂದು ಹಂಚ್ಕೊಳ್ಳೂಣು" ಎಂದರು. ಲಕ್ಷ್ಮೇಶ್ವರದವರು ತಲೆಯಾಡಿಸಿದರು. ನಮ್ಮೆಲ್ಲರಿಗೂ ಹಿರಿಯರಾದ ಮುಂಡರಗಿಯ ಮಲ್ಲಪ್ಪ ಸರ್ ರೊಟ್ಟಿ ಮುರಿಯುತ್ತಲೇ "ಭಾಳ ಚಲೋ ಆತು ನೋಡವಾ" ಎಂದರು. ನಾನು ಮಾತ್ರ "ನನ್ನ ಅಕ್ಷರ ಯಾರಿಗೂ ತಿಳಿಯಂಗಿಲ್ರಿ" ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಫೋಟೋ ಕಳಸ್ರಿ ಸಾಕು, ನಾ ಟೈಪ್ ಮಾಡ್ತೀನಿ" ಎಂದು ಆಕೆ ಆ ಬಾಗಿಲನ್ನೂ ಮುಚ್ಚಿದರು.

ಹದಿನೈದು ದಿನದಲ್ಲಿ ಮೂವರ ಘಟಕಗಳೂ ನನ್ನ ಮೊಬೈಲಿಗೆ ಬಂದವು. ಒಳ್ಳೆಯ ನೋಟ್ಸು. ಸಂಕೋಚವಿಲ್ಲದೆ ಬಳಸಿಕೊಂಡೆ. ನನ್ನ ಪಾಲಿನ ಪೂರೈಕೆ ನಿಯಮದ ಘಟಕ ಮಾತ್ರ ಕಪಾಟಿನಲ್ಲೇ ಉಳಿಯಿತು. ಲಕ್ಷ್ಮೇಶ್ವರದವರು ದಿನಾ ಶುಭೋದಯದ ಹೂವಿನ ಚಿತ್ರದ ಕೆಳಗೆ 'ಸರ್, ತಮ್ಮ ಘಟಕ?' ಎಂದು ಕಳಿಸತೊಡಗಿದರು. ಪೂರೈಕೆಯ ಬಗ್ಗೆ ಬರೆಯಬೇಕಾದವನೇ ಪೂರೈಸದಿರುವುದು ಅವರಿಗೆ ತಮಾಷೆಯಾಗಿಯೂ ಕಂಡಿರಬಹುದು. ಕೊನೆಗೆ ನನ್ನ ಹೆಂಡತಿಯೇ ಕೇಳಿದಳು. "ಮೂರು ಮನಿ ಪಲ್ಯಾ ಉಂಡು, ನಿಮ್ಮ ಡಬ್ಬಿ ಮುಚ್ಚಿಟ್ಕೊಂಡು ಕುಂತ್ರ ಹೆಂಗ್ರಿ? ನನಗ ನಾಚಿಕಿ ಬರ್ತೈತಿ." ನನಗೂ ಬಂತು. ಭಾನುವಾರ ನಾನು ಹಾಳೆ ತಿರುವಿದೆ, ಅವಳು ಫೋಟೋ ತೆಗೆದಳು. ಹದಿನೆಂಟು ವರ್ಷ ಬಾಯಿಪಾಠ ಮಾಡಿ ಮಾಡಿ ಆ ಅಂಚು ಪಾಠದ ಭಾಗವೇ ಆಗಿ, ಬೇರೆಯಾಗಿ ನನ್ನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

ನಾಲ್ಕು ದಿನ ಬಿಟ್ಟು ಸುಜಾತಾ ಮೇಡಂ ಫೋನು ಮಾಡಿದರು. "ಸರ, ಭಾರಿ ಬರದೀರಿ. ಆದ್ರ ಒಂದು ತೊಂದ್ರಿ ಆಗೈತ್ರಿ. ನಮ್ಮ ಕ್ಲಾಸಿನ ಕಿಟಕಿ ಹೊರಗ ಬರೇ ಬೇವಿನ ಗಿಡ ಐತಿ. ಬಜ್ಜಿ ಗಾಡಿ ಎಲ್ಲೆ ನೋಡ್ಲಿ?"

ನನಗೆ ಆಗ ಅಂಚು ನೆನಪಾಯಿತು. "ಅದನ್ನೂ ಟೈಪ್ ಮಾಡೀರೇನ್ರಿ?"

"ಹೌದ್ರಿ ಮತ್ತ. ಬೋಧನಾ ವಿಧಾನ ಅಂತ ಬ್ಯಾರೆ ಕಾಲಂ ಹಾಕೀನಿ. ನಾಲ್ಕೂ ಕಾಲೇಜಿನ ಹುಡುಗೂರ ಗ್ರೂಪಿಗೆ ಮುಂಜಾನೇನ ಕಳಿಸೀನ್ರಿ."

ಆಕೆಯ ದನಿಯಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ. ಮರುದಿನ ರಜೆ ಹಾಕೋಣವೆಂದುಕೊಂಡೆ. ಆದರೆ ಆ ಅಂಚಿನಲ್ಲಿ ರಜೆಗೆ ಹೇಳಬೇಕಾದ ಕಾರಣವೂ ಎಲ್ಲೋ ಇದ್ದಂತೆ ನೆನಪಾಗಿ, ಹಾಗೆಯೇ ಕಾಲೇಜಿಗೆ ಹೋದೆ.

ತರಗತಿ ಎಂದಿಲ್ಲದಷ್ಟು ಶಾಂತವಾಗಿತ್ತು. ಪಾಠ ಶುರು ಮಾಡಿ ಐದು ನಿಮಿಷವಾಗಿರಬೇಕು, ನಾನು ಕಿಟಕಿಯ ಕಡೆ ಹೊರಳುವ ಮೊದಲೇ ಇಡೀ ತರಗತಿ ಕಿಟಕಿಯ ಕಡೆ ಹೊರಳಿ ಕೂತಿತು. ಹೊರಗೆ ಬಜ್ಜಿಯವನು ಪಾಪ, ತನ್ನ ಪಾಡಿಗೆ ಮೆಣಸಿನಕಾಯಿ ಸೀಳುತ್ತಿದ್ದ. ಕೆಮ್ಮಬೇಕಾದ ಜಾಗ ಬಂದಾಗ ಹಿಂದಿನ ಬೆಂಚಿನಿಂದ ಯಾರೋ ನನ್ನ ಪರವಾಗಿ ಕೆಮ್ಮಿದರು. ಹದಿನೆಂಟು ವರ್ಷದ ಹೆಸರು ಹದಿನೆಂಟು ನಿಮಿಷದಲ್ಲಿ ಹೋಯಿತು.

ಆಗ ಶಶಿಕಲಾ ಎದ್ದು ನಿಂತಳು. ಅವಳು ಬೆಟಗೇರಿಯ ನೇಕಾರರ ಮನೆಯ ಹುಡುಗಿ. "ಸರ, ಬೆಲಿ ಇಳಿದ್ರ ಪೂರೈಕೆನೂ ಇಳೀತೈತಿ ಅಂತೀರಿ. ನೇಯ್ಗಿ ಕೂಲಿ ಇಳಿದಾಗ ನಮ್ಮಪ್ಪ ಇನ್ನೂ ಎರಡು ತಾಸು ಹೆಚ್ಚಿಗಿ ಮಗ್ಗದಾಗ ಕೂಡ್ತಾನ. ನಮ್ಮ ಮನಿಗೆ ಈ ನಿಯಮ ಯಾಕ ಹತ್ತಂಗಿಲ್ರಿ?" ಎಂದಳು. ಆಮೇಲೆ ಮೆಲ್ಲಗೆ, "ಹೋದ ಸೆಮಿಸ್ಟರಿನ್ಯಾಗ ಕೂಲಿ ಮಾತು ಬಂದಾಗೂ ಕೇಳಿದ್ದೆ. ನಾಳೆ ನೋಡೂಣು ಅಂದಿದ್ರಿ" ಎಂದಳು.

ಯಾರೂ ನಗಲಿಲ್ಲ. ಅದೇ ನನಗೆ ಚುಚ್ಚಿತು. ಎಂ.ಎ. ಓದುವಾಗ ಇಂಥದ್ದೊಂದನ್ನು ಓದಿದ ನೆನಪಿತ್ತು, ಕಾರಣ ನೆನಪಿರಲಿಲ್ಲ. ಅಂಚಿನಲ್ಲಿದ್ದ ಮಾತುಗಳನ್ನೆಲ್ಲ ಅವರು ಓದಿಯಾಗಿತ್ತು, ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ. "ನನಗ ಗೊತ್ತಿಲ್ಲವಾ" ಎಂದೆ. ಅವಳು ಕೂತು, ಪ್ರಶ್ನೆ ಬರೆದುಕೊಂಡು, ಅದರ ಕೆಳಗೆ ಉತ್ತರಕ್ಕೆಂದು ನಾಲ್ಕು ಸಾಲು ಖಾಲಿ ಬಿಟ್ಟಳು.

ಆ ನಾಲ್ಕು ಖಾಲಿ ಸಾಲು ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಪ್ರಶ್ನೆಯನ್ನು ನಮ್ಮ ನಾಲ್ವರ ಗ್ರೂಪಿಗೆ ಹಾಕಿದೆ. ಮಲ್ಲಪ್ಪ ಸರ್ ಬರೆಯುವವರಲ್ಲ, ದನಿಯಲ್ಲೇ ಕಳಿಸಿದರು. "ಅಂಗಡಿಯಾಂವ ಬೆಲಿ ಇಳಿದ್ರ ಮಾಲು ಒಳಗ ಇಡ್ತಾನ. ನೇಕಾರ ಮನಿಮಂದಿ ಹಸಿವನ್ನ ಎಲ್ಲಿ ಇಡ್ಬೇಕ್ರಿ? ವಾರದ ಸಂತಿ ಖರ್ಚು ಮೊದಲಿನಷ್ಟ ಇರ್ತೈತಿ, ಕೂಲಿ ಕಡಿಮಿ, ಅದಕ್ಕ ಹೆಚ್ಚು ನೇಯ್ತಾನ. ಇದನ್ನ ನಾ ಓದಿ ಕಲಿತದ್ದಲ್ರಿ, ನಮ್ಮ ಕಾಲೇಜಿನ ಕೂಲಿ ಮನಿ ಹುಡುಗೂರ ನನಗ ಹೇಳಿಕೊಟ್ಟದ್ದು."

ಮರುದಿನ ಮಲ್ಲಪ್ಪ ಸರ್ ಹೆಸರು ಹೇಳಿಯೇ ಉತ್ತರ ಕೊಟ್ಟೆ. "ಖರೆ ಐತ್ರಿ ಸರ, ನಮ್ಮ ಮನ್ಯಾಗ ಹಂಗ ಆಗ್ತೈತಿ" ಎಂದಳು ಶಶಿಕಲಾ. ನಾಲ್ಕು ಸಾಲು ಸಾಲದೆ ಅಂಚಿನಲ್ಲೂ ಬರೆದುಕೊಂಡಳು. ಪಾಠ ಮಾಡಿ ಅಷ್ಟು ಖುಷಿಯಾಗಿದ್ದು ನನಗೆ ನೆನಪೇ ಇಲ್ಲ.

ಅಂದು ಸಂಜೆ 'ನಾಳೆ ನೋಡೋಣ' ಎಂಬ ಸಾಲನ್ನು ರಬ್ಬರಿನಿಂದ ಉಜ್ಜಿ ತೆಗೆದು, ಆ ಜಾಗದಲ್ಲಿ 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದು' ಎಂದು ಬರೆದೆ. ನಾನು ಎಷ್ಟು ಬದಲಾದೆನೆಂದು ಹೆಂಡತಿಗೂ ತೋರಿಸಿದೆ. ಅವಳು ಓದಿ, ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಹೊಸ ಸಾಲಿನ ಜೊತೆಗೇ ಯಾವಾಗ ಬರೆದೆನೋ, ಅಕ್ಷರವಂತೂ ನನ್ನದೇ ಆಗಿತ್ತು: 'ಗೊತ್ತಿಲ್ಲ ಎನ್ನುವ ಮೊದಲು ಕನ್ನಡಕ ತೆಗೆದು, ಎರಡು ಕ್ಷಣ ತಲೆ ತಗ್ಗಿಸುವುದು.'