ಜೂನ್ ಮೂವತ್ತೊಂದರ ಕೊಲೆಗಾರ

ನನ್ನ ಭಾವ ಆರು ವರ್ಷಗಳ ಕಾಲ ಒಬ್ಬ ಕೊಲೆಗಾರನನ್ನು ಸಾಕಿದ್ದರು. ನಮ್ಮ ಗಡಿಯೂರು ಮಂಗಲ್ಪಾಡಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಯಾರೊಬ್ಬರೂ ಪೊಲೀಸರಿಗೆ ಹೇಳಲಿಲ್ಲ! ಹೇಳುವುದಾದರೂ ಏನನ್ನು? ಅಷ್ಟು ವರ್ಷಗಳಲ್ಲಿ ಆ ಮಹಾಶಯ ಒಂದು ನೊಣವನ್ನೂ ಕೊಂದವನಲ್ಲ. ಕೊನೆಗೆ ಅವನ ಕೈಯಿಂದ ಕೊಲೆ ಮಾಡಿಸಿದವನು ನಾನು. ಅದೂ ಲಿಖಿತವಾಗಿ, ರುಜು ಹಾಕಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಲ್ಲಿ ಬೋರ್ಡು ಬರೆಯುವವರು. ಕನ್ನಡ, ಮಲಯಾಳ, ಇಂಗ್ಲಿಷು, ಮೂರು ಲಿಪಿಗಳೂ ಅವರ ಕುಂಚದಿಂದ ಒಂದೇ ತಾಯಿಯ ಮಕ್ಕಳಂತೆ ಇಳಿದು ಬರುತ್ತಿದ್ದವು. ಅವರದೊಂದು ಕಠೋರ ನಿಯಮವಿತ್ತು: ಗಿರಾಕಿ ಬರೆಸಬೇಕಾದದ್ದನ್ನು ಚೀಟಿಯಲ್ಲಿ ಬರೆದು ರುಜು ಹಾಕಿ ಕೊಡಬೇಕು. ಚೀಟಿಯಲ್ಲಿದ್ದದ್ದು ಬೋರ್ಡಿನಲ್ಲಿ. ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ.

ಹೋಟೆಲು ತೆರೆಯಲಿದ್ದ ಒಬ್ಬರು ಹೀಗೆ ಚೀಟಿ ಕಳುಹಿಸಿದ್ದರು. 'ಊಟ, ತಿಂಡಿ, ಚಹಾ' ಎಂದು ಬರೆದು, ಅದರಡಿಯಲ್ಲಿ ಅವಸರದಿಂದ 'ಬೇಗ ಮುಗಿಸಿ' ಎಂದು ಸೇರಿಸಿ, ರುಜು ಹಾಕಿದ್ದರು. ಮೂರನೆಯ ದಿನ ಬೋರ್ಡು ಬಂತು. 'ಊಟ, ತಿಂಡಿ, ಚಹಾ. ಬೇಗ ಮುಗಿಸಿ.' ಮೂರು ಲಿಪಿಗಳಲ್ಲಿ!

"ಇದೆಂತ ಮಾರಾಯ್ರೇ? ಬೇಗ ಮುಗಿಸಲು ನಾನು ನಿಮಗೆ ಹೇಳಿದ್ದು!"

"ನನಗೆ ಅಂತ ಎಲ್ಲಿ ಉಂಟು? ರುಜು ನಿಮ್ಮದೇ ಅಲ್ವಾ?"

ಬೋರ್ಡು ಹಾಗೆಯೇ ಉಳಿಯಿತು. ಗಿರಾಕಿಗಳು ಎಲೆಯ ಮುಂದೆ ಕುಳಿತು ಹರಟುವುದನ್ನು ಬಿಟ್ಟರಂತೆ. ಮಾಲಕರು ಆಮೇಲೆ ಮಾತೆತ್ತಲಿಲ್ಲ. ಇದು 2003ರ ಘಟನೆ. ಅಕ್ಕ 2002 ಎನ್ನುತ್ತಾಳೆ; ಆದರೆ ಬೋರ್ಡಿನ ಮೂಲೆಯಲ್ಲಿ ಭಾವನೇ ಇಸವಿ ನಮೂದಿಸಿದ್ದಾರೆ. ನೆನಪಿಗಿಂತ ಬಣ್ಣ ಹೆಚ್ಚು ವಿಶ್ವಾಸಾರ್ಹ ಆಕರ.

ಅದಾಗಿ ಎರಡು ಮೂರು ವರ್ಷಗಳಲ್ಲಿ ಫ್ಲೆಕ್ಸು ಬಂತು. ಕುಂಚ ಹಿಡಿದವನು ನಾಲ್ಕು ದಿನ ಬೆವರಿ ಬರೆಯುವುದನ್ನು ಯಂತ್ರವೊಂದು ನಾಲ್ಕು ನಿಮಿಷದಲ್ಲಿ ಉಗುಳತೊಡಗಿತು. ಮೂವತ್ತು ವರ್ಷ ಆ ಕೈಯ ಅಕ್ಷರಗಳ ಕೆಳಗೆ ವ್ಯಾಪಾರ ಮಾಡಿದವರು ಒಂದೇ ಮಳೆಗಾಲದಲ್ಲಿ ಅವರನ್ನು ಮರೆತರು. ಕೃತಘ್ನತೆಗೆ ಅಷ್ಟೊಂದು ಸಮಯ ಬೇಕಾಗುವುದಿಲ್ಲವೆಂದು ಆಗ ತಿಳಿಯಿತು.

ಭಾವನಲ್ಲಿ ಮಿಕ್ಕ ಬಣ್ಣದಲ್ಲಿ ಬೆಳ್ಳಿಬಣ್ಣವೇ ಹೆಚ್ಚಿತ್ತಂತೆ. ಆ ಕಾರಣಕ್ಕೇ ಹುಟ್ಟಿದವನು ಉಕ್ಕುರಾಯ: ಅಡಿಯಿಂದ ಮುಡಿಯವರೆಗೆ ಲೋಹಕವಚ ತೊಟ್ಟ ಗೂಢಚಾರ, ಬಾಡಿಗೆ ಕೊಲೆಗಾರ. 2006ರಿಂದ ತಿಂಗಳಿಗೊಂದು ಹಾಳೆಯಂತೆ ಭಾವ ಬರೆದ ಅವನ ಚಿತ್ರಕಥೆ ಊರಿನ ವಾಚನಾಲಯದ ಗೋಡೆಯನ್ನೇರಿತು. ಕಥೆ ಸರಳ. ತನ್ನ ರಾಜ್ಯದಲ್ಲಿ ಕೈಬರಹವೇ ಇರಕೂಡದೆಂದು ಒಬ್ಬ ರಾಜ ಆಜ್ಞೆ ಮಾಡುತ್ತಾನೆ. ಉಳಿದಿರುವ ಕೊನೆಯ ಮುದುಕ ಪೈಂಟರನನ್ನು ಮುಗಿಸಲು ಉಕ್ಕುರಾಯ ನೇಮಕಗೊಳ್ಳುತ್ತಾನೆ. ಬೀಡಿ ಕಟ್ಟುವವರು, ಮೀನು ಮಾರುವವರು, ಶಾಲೆಯ ಮಕ್ಕಳು, ಎಲ್ಲರೂ ನಿಂತು ಓದುತ್ತಿದ್ದರು. ಭಾವನಿಗೆ ಉಳಿದಿದ್ದ ಏಕೈಕ ಬೋರ್ಡು ಆ ಗೋಡೆ.

ನಾನು ಪತ್ರಾಗಾರವೊಂದರಲ್ಲಿ ಸಂಶೋಧಕನಾಗಿ ನಿವೃತ್ತನಾಗಿ ಊರಿಗೆ ಮರಳಿದ್ದು 2011ರಲ್ಲಿ. ಕಥೆ ಕೇಳಿದೊಡನೆ ನನ್ನ ವಿದ್ವತ್ತು ಕಣ್ಣು ತೆರೆಯಿತು.

"ಭಾವಾ, ಕಿರುಗುಟ್ಟುವ ಕವಚ ತೊಟ್ಟವನು ಗೂಢಚಾರ ಆಗುವುದು ಹೇಗೆ?"

"ರೈಲು ಹೋಗುವಾಗ ಮಾತ್ರ ಅವನು ಹೆಜ್ಜೆ ಹಾಕುವುದು. ಆ ಗದ್ದಲದಲ್ಲಿ ಕೇಳುವುದಿಲ್ಲ."

ನಾನು ವೇಳಾಪಟ್ಟಿ ತೆಗೆದು ನೋಡಿದೆ. "ನೀವು ಬರೆದ ಹೊತ್ತಿಗೆ ಮಂಜೇಶ್ವರದಿಂದ ಇತ್ತ ಯಾವ ರೈಲೂ ಇಲ್ಲ."

"ತಡವಾಗಿ ಬಂದ ರೈಲು ಮಾರಾಯ! ನಿನ್ನ ಪಟ್ಟಿಯಲ್ಲಿ ಅದು ಇರ್ತದಾ?"

ವೇಳಾಪಟ್ಟಿಯನ್ನು ಮಡಚಿಟ್ಟೆ. ಇಂಥ ಸೋಲನ್ನು ವಿದ್ವಾಂಸರು ಮರೆಯುವುದಿಲ್ಲ; ತೀರಿಸಿಕೊಳ್ಳುತ್ತಾರೆ.

ಅವಕಾಶ ಮರುವರ್ಷ ಬಂತು. "ಓದಿದವನು ಊರಲ್ಲೇ ಇದ್ದಾನಲ್ಲ, ಒಮ್ಮೆ ಅವನಿಗೆ ತೋರಿಸಿ" ಎಂದು ಅಕ್ಕ ಒತ್ತಾಯಿಸಿದ್ದರಿಂದ ಭಾವ ಆ ತಿಂಗಳ ಹಾಳೆಯಲ್ಲಿ ಬರುವ ಮಾತುಗಳ ಚೀಟಿಯನ್ನು ನನಗೆ ಕೊಟ್ಟರು. ಉಕ್ಕುರಾಯ ತನ್ನ ತಗಡಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ: 'ಮುದುಕನನ್ನು ಕೊಲ್ಲುವ ದಿನ, ಜೂನ್ 31.' ಜೂನ್ ಮೂವತ್ತೊಂದು! ಕೆಂಪು ಶಾಯಿಯಲ್ಲಿ ಹೊಡೆದುಹಾಕಿ '30' ಎಂದು ತಿದ್ದಿದೆ. ಕಚೇರಿಯ ಅಭ್ಯಾಸ, ತಿದ್ದುಪಡಿಯ ಪಕ್ಕದಲ್ಲಿ ರುಜುವನ್ನೂ ಹಾಕಿದೆ. ಭಾವ ನನ್ನ ರುಜುವಿನ ಮೇಲೊಮ್ಮೆ ಬೆರಳಾಡಿಸಿದರು. ಮತ್ತೆ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

ಹಾಳೆ ಏರಿದ ದಿನ ನಾನು ಹೆಮ್ಮೆಯಿಂದಲೇ ವಾಚನಾಲಯಕ್ಕೆ ಹೋದೆ. ಗೋಡೆಯ ಮುಂದೆ ಜನರಿದ್ದರು. ಕೊನೆಯ ಚೌಕದಲ್ಲಿ ಮುದುಕ ಪೈಂಟರ್ ಸತ್ತು ಬಿದ್ದಿದ್ದ. ಕೈಯಲ್ಲಿ ಕುಂಚ. ಕೆಳಗೆ: 'ಜೂನ್ 30.'

ಬೀಡಿ ಕಟ್ಟುವ ಗಿರಿಜಕ್ಕ ನನ್ನತ್ತ ತಿರುಗಿದರು. "ಈ ಮೂವತ್ತು ನಿಮ್ಮದಂತೆ, ಹೌದಾ?"

"ಜೂನಿಗೆ ಮೂವತ್ತೇ ದಿನ ಅಲ್ಲವೇ?"

"ಅದು ನಮಗೂ ಗೊತ್ತುಂಟು! ಆರು ವರ್ಷದಿಂದ ಆ ತಗಡಿನವ ಬಾರದ ದಿನಕ್ಕೇ ಗಡುವು ಹಾಕಿಕೊಂಡು ಕಾಯ್ತಾ ಇದ್ದ. ಫೆಬ್ರವರಿ ಮೂವತ್ತು, ಸೆಪ್ಟೆಂಬರ್ ಮೂವತ್ತೊಂದು. ಹಾಗಾಗಿ ಅಲ್ವಾ ಮುದುಕ ಬದುಕಿದ್ದು! ನೀವು ಹಿಂದಿನದ್ದು ಒಂದೂ ಓದಲಿಲ್ಲವಾ?"

ಓದಿರಲಿಲ್ಲ. ಪರಿಶೀಲಿಸಿದ್ದೆ, ಅಷ್ಟೆ.

ನೇರವಾಗಿ ಭಾವನಲ್ಲಿಗೆ ಹೋದೆ. "ಗೊತ್ತಿದ್ದೂ ಏಕೆ ಹೇಳಲಿಲ್ಲ?"

"ಚೀಟಿಯಲ್ಲಿ ನಿನ್ನ ರುಜು ಉಂಟು."

"ಮುಂದಿನ ತಿಂಗಳು ಬದುಕಿಸಿಬಿಡಿ!"

"ಸತ್ತವನನ್ನು ಬದುಕಿಸಲು ನಾನೆಂತ ದೇವರಾ? ಬೋರ್ಡು ಬರೆಯುವವ."

ಅಲ್ಲಿ ನಾನು ಕ್ಷಮೆ ಕೇಳಬೇಕಿತ್ತು. ಕೇಳಿದೆನೆ? ತಾಂತ್ರಿಕವಾಗಿ ನನ್ನ ತಿದ್ದುಪಡಿಯಲ್ಲಿ ದೋಷವಿಲ್ಲವೆಂದು ಅರ್ಧ ಗಂಟೆ ವಾದಿಸಿದೆ! ಭಾವ ಎದ್ದು ಕುಂಚಗಳನ್ನು ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಗೋಡೆ ಬೋಳಾಯಿತು. 2012ರಿಂದ 2016ರವರೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. "ನೀನು ಸರಿಯೇ ತಮ್ಮ, ಯಾವಾಗಲೂ ಸರಿ" ಎಂದು ಅಕ್ಕ ಒಮ್ಮೆ ಚಹಾ ಕೊಡುತ್ತ ಹೇಳಿದಳು. ನನ್ನ ಜೀವನದಲ್ಲಿ ನಾನು ಕೇಳಿದ ಅತ್ಯಂತ ಕಠಿಣ ವಿಮರ್ಶೆ ಅದು.

ಆಮೇಲೆ ಭಾವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನ ವೈದ್ಯರು ತಿಂಗಳುಗಳ ಲೆಕ್ಕ ಹೇಳಿ ಮನೆಗೆ ಕಳುಹಿಸಿದರು. ಅಕ್ಕ ಕರೆಸಿದಳೆಂದು ಹೋದೆ. ಜಗಲಿಯಲ್ಲಿ ಮಲಗಿದ್ದ ಭಾವ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. ನಾಲ್ಕು ವರ್ಷಗಳ ಮೇಲೆ ಅವರು ಆಡಿದ ಮೊದಲ ಮಾತು ಇದು:

"ನೀನು ದಿನಾಂಕದಲ್ಲಿ ಗಟ್ಟಿ ಅಲ್ವಾ? ನನ್ನದು ಯಾವಾಗ ಅಂತ ಸ್ವಲ್ಪ ನೋಡಿ ಹೇಳು."

ನಗುತ್ತಲೇ ಕೇಳಿದ್ದರು. ಆದರೆ ಚಾದರದ ಅಂಚನ್ನು ಹಿಡಿದಿದ್ದ ಬೆರಳುಗಳು ನಗುತ್ತಿರಲಿಲ್ಲ.

ಜೇಬಿನಿಂದ ಚೀಟಿ ತೆಗೆದೆ. 'ನವೆಂಬರ್ 31' ಎಂದು ಬರೆದೆ. ಕೆಳಗೆ ಪೂರ್ಣ ರುಜು ಹಾಕಿ ಅವರ ಕೈಗಿತ್ತೆ.

ಕನ್ನಡಕ ಸರಿಪಡಿಸಿಕೊಂಡು ಓದಿದರು. "ಸರಿ ಉಂಟಾ ಇದು?"

"ಎರಡು ಸಲ ಪರಿಶೀಲಿಸಿದ್ದೇನೆ ಭಾವಾ."

"ಹಾಗಾದರೆ ಆಯ್ತು. ರುಜು ಬಿದ್ದ ಮೇಲೆ ಬದಲಾಯಿಸುವ ಹಾಗಿಲ್ಲ." ಚೀಟಿಯನ್ನು ಮಡಚಿ ದಿಂಬಿನಡಿ ಇಟ್ಟುಕೊಂಡರು. ಅಕ್ಕ ಒಳಗಿನಿಂದ ಎರಡು ಲೋಟ ಚಹಾ ತಂದಳು.

ಭಾವ ಹೋದದ್ದು ಬೇರೊಂದು ದಿನ. ಪಂಚಾಯತ್ ಕಚೇರಿಯ ಅರ್ಜಿಯಲ್ಲಿ ಆ ದಿನಾಂಕವನ್ನು ನಾನೇ ತುಂಬಿದೆ, ಆಸ್ಪತ್ರೆಯ ಕಾಗದಕ್ಕೆ ತಾಳೆ ನೋಡಿಯೇ ತುಂಬಿದೆ. ಇಲ್ಲಿ ಮಾತ್ರ ಚೀಟಿಯಲ್ಲಿದ್ದ ಹಾಗೆಯೇ ಬರೆಯುತ್ತೇನೆ: ನವೆಂಬರ್ ಮೂವತ್ತೊಂದು. ಯಾರೂ ತಿದ್ದಕೂಡದು.