ಅಸೂಟಿ ಕಡ್ಡಿ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಎಲ್ಲ ಕೆಟ್ಟಿತು. ನಿಮಿಷ ಹೇಗೆ ಗೊತ್ತೆಂದರೆ, ಆಗ ನಾನು ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಕಾಕಾ ಕೂಗಿದಾಗ ನಾನು ನೋಡಿದ್ದು ಮೊಬೈಲನ್ನು, ಕಾಕಾ ತೋರಿಸಿದ್ದನ್ನಲ್ಲ.

ಈ ಕಾಕಾ ನಮ್ಮಪ್ಪನ ತಮ್ಮ, ಕೈಮಗ್ಗದ ಸೀರೆ ನೇಯುವವನು. ನಾನಿರುವುದು ಅವನ ಮನೆಯಲ್ಲೇ. ಅವನಿಗೆ ತಲೆ ಕೆಟ್ಟಿದೆ ಎಂದು ಗಜೇಂದ್ರಗಡದಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು?

ಹುಬ್ಬಳ್ಳಿಯ ಮದುವೆಯೊಂದರಲ್ಲಿ ಸೂಪಿನೊಳಗೆ ಬೆರಳುದ್ದದ ಹಸಿರು ಕಡ್ಡಿ ತೇಲುತ್ತಿತ್ತು. ಉಳಿದವರೆಲ್ಲ ಅದನ್ನು ಅಂಚಿಗೆ ಸರಿಸಿ ಸೂಪು ಕುಡಿದರು. ಕಾಕಾ ಮಾತ್ರ ನೇರ ಅಡುಗೆಯವನ ಬಳಿ ಹೋಗಿ ಹೆಸರು ಕೇಳಿ ಬಂದ. ಆಸ್ಪರಾಗಸ್! ನಮ್ಮ ಶತಾವರಿಯ ಪರದೇಶಿ ಬಂಧು, ಚಿಗುರನ್ನು ತಿನ್ನುತ್ತಾರೆ. ಬಸ್ಸಿಳಿಯುವಷ್ಟರಲ್ಲಿ ಆ ಹೆಸರು ಕಾಕಾನ ಬಾಯಲ್ಲಿ ಸವೆದು 'ಅಸೂಟ್‌ಪರಗ' ಆಗಿತ್ತು. ಓಣಿಯವರು ಇನ್ನಷ್ಟು ಸವೆಸಿ 'ಅಸೂಟಿ ಕಡ್ಡಿ' ಮಾಡಿದರು. ಅಸೂಟಿ ಇಲ್ಲೇ ಹತ್ತಿರದ ಹಳ್ಳಿ. ಅಲ್ಲಿಂದ ಉಳ್ಳಾಗಡ್ಡಿ ಮಾರಲು ಬರುವವನಿಗೆ ಸಿಟ್ಟೇ ಬಂತು: "ನಮ್ಮೂರಾಗ ಇಂಥಾದ್ದು ಬೆಳದೇ ಇಲ್ರಿ. ಸುಮ್ನ ಊರ ಹೆಸರು ಕೆಡಸಬ್ಯಾಡ್ರಿ!"

ಇದನ್ನು ಆಳವಾದ ತಗ್ಗಿನಲ್ಲಿ ನೆಡಬೇಕಂತೆ. ಹಿತ್ತಲಲ್ಲಿ ತಗಡಿನ ಪತ್ರಾಸಿನ ಕೆಳಗೆ ಅಜ್ಜನ ಮಗ್ಗದ ಕುಣಿ ಖಾಲಿ ಬಿದ್ದಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುವ ತಗ್ಗು ಅದು. ಕಾಕಾ ಪತ್ರಾಸು ಕಿತ್ತ. ಕೋಟೆಗುಡ್ಡದ ಬುಡದಿಂದ ನಾಲ್ಕು ಚೀಲ ಕೆಂಪು ಮಣ್ಣು ತಂದು ಸುರಿದ. ಈ ಚೀಲಗಳನ್ನು ದಯವಿಟ್ಟು ನೆನಪಿಡಿ. ಮೊಬೈಲಿನಲ್ಲಿ ತರಿಸಿದ ಸಸಿ ನೆಟ್ಟು ಅಪ್ಪಣೆ ಹೊರಡಿಸಿದ: "ಮೂರು ವರ್ಷ ಯಾರೂ ಮುಟ್ಟಂಗಿಲ್ಲ!"

"ಒಂದು ಪಲ್ಯಾಕ್ಕ ಮೂರು ವರ್ಷೇನ್ರಿ? ಅಲ್ಲೀತನಕ ನಾವು ಉಪ್ಪು ನೆಕ್ಕೂಣೇನು?" ಎಂದಳು ಕಾಕಿ.

ಎರಡನೇ ವರ್ಷ ಗಿಡಗಳು ಎದೆಯೆತ್ತರ ಬೆಳೆದು ನವಿರಾಗಿ ಹರಡಿಕೊಂಡವು. ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ಇಣುಕಿ, "ಸಬ್ಸಗಿ ಭಾಳ ಚಂದ ಬೆಳಿಸೀರಿ. ಒಂದ ಸೂಡು ಕೊಡ್ರಿ" ಎಂದಳು. ಕಾಕಾ ಅವಳ ಜೊತೆ ಎಂಟು ದಿನ ಮಾತು ಬಿಟ್ಟ!

ಮೂರನೇ ವರ್ಷ. ಮೊದಲ ಮಳೆ ಬಿದ್ದ ಮೇಲೆ ಕುಣಿಯ ಮೂಲೆಯಲ್ಲಿ ಐದು ದಪ್ಪ ಚಿಗುರು ಎದ್ದವು. ಮಗ್ಗದ ಲಾಳಿಯಷ್ಟು ಉದ್ದವಾದರೆ ಕೊಯ್ಯಬೇಕು ಎಂಬುದು ಕಾಕಾ ತಾನೇ ಮಾಡಿಕೊಂಡ ಕಾನೂನು. ಆ ಭಾನುವಾರ ಲಾಳಿ ಹಿಡಿದು ಅಳೆದು ನನ್ನನ್ನು ಕೂಗಿದ:

"ಏ ತಂಗಿ! ನೀ ಬಾಟನಿ ಓದೀದಿ. ಹೌದೇನು ನೋಡು ಬಾ!"

ನಾನು ಹೊಸ್ತಿಲಿನಿಂದ ಏಳಲೂ ಇಲ್ಲ. "ಹೌದು ಕಾಕಾ, ಅದೇ" ಎಂದೆ. ಏಳು ಹನ್ನೆರಡು.

ನಾಲ್ಕನ್ನು ಕೊಯ್ದು, ಬೆಣ್ಣೆ, ಬಳ್ಳೊಳ್ಳಿ ಹಾಕಿ ತಾನೇ ಹುರಿದ. ಕಾಕಿ ಕೈ ಚಾಚಿದಳು. "ಏ, ಕೈ ತಗಿ! ಮೂರು ವರ್ಷ ಕಾಯ್ದವ ನಾ!" ಎಂದವನೇ ನಮ್ಮ ಕಡೆ ಬೆನ್ನು ತಿರುಗಿಸಿ ಕೂತು, ರೊಟ್ಟಿಯ ಜೊತೆ ನಾಲ್ಕನ್ನೂ ಮುಗಿಸಿದ. ಇಂಥ ಹೊಟ್ಟೆಬಾಕ ಸಿಕ್ಕಾನೆಯೇ?

ಮಧ್ಯಾಹ್ನ ವಾಂತಿ ಶುರುವಾಯಿತು. ಕಾಕಿ ಹಿಂದಿನ ದಿನದ ಮಿರ್ಚಿ ಭಜಿಯನ್ನು ಬೈದಳು. ನಾನು ಯಾಕೋ ಕುಣಿಯ ಹತ್ತಿರ ಹೋದೆ. ಬಲಿತಿದೆ ಎಂದು ಕಾಕಾ ಬಿಟ್ಟಿದ್ದ ಐದನೇ ಚಿಗುರು ಎಲೆ ಬಿಚ್ಚಿತ್ತು. ಎಲೆಯ ತುದಿ ದಾರದಂತೆ ಸುರುಳಿ ಸುತ್ತಿತ್ತು. ಆಸ್ಪರಾಗಸ್ಸಿಗೆ ಅಂಥ ಎಲೆಯೇ ಇಲ್ಲ! ಇದು ಅಗ್ನಿಶಿಖೆ. ಮಳೆಗಾಲದಲ್ಲಿ ಗುಡ್ಡದ ಪೊದೆಗಳಲ್ಲಿ ಬೆಂಕಿಯಂಥ ಹೂ ಬಿಡುವ ಬಳ್ಳಿ. ಗಡ್ಡೆಯಿಂದ ಚಿಗುರಿನವರೆಗೂ ವಿಷ. ಗಡ್ಡೆ ಬಂದದ್ದು ಆ ಕೆಂಪು ಮಣ್ಣಿನ ಚೀಲಗಳಲ್ಲಿ, ಎರಡು ವರ್ಷ ಮಣ್ಣಿನಾಳದಲ್ಲಿ ಬಲಿತು ಈಗ ಚಿಗುರಿತ್ತು. ಇದೇ ಬಳ್ಳಿಯ ಚಿತ್ರ ಬರೆದು ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದ ಜಾಣೆ ನಾನು!

ಚಿಗುರನ್ನು ಕಿತ್ತು ಹಿಡಿದುಕೊಂಡೇ ಆಟೋ ಹತ್ತಿದೆವು. ದವಾಖಾನೆಯಲ್ಲಿ ಡಾಕ್ಟರು ಕೇಳಿದರು: "ಏನು ತಿಂದಾರ್ರಿ?"

"ಅಸೂಟಿ ಕಡ್ಡಿರಿ" ಎಂದಳು ಕಾಕಿ.

"ಅಮ್ಮಾರ, ನಾ ಊರು ಕೇಳಿಲ್ರಿ, ಊಟ ಕೇಳೀನಿ!"

ನಾನು ಚಿಗುರನ್ನು ಮುಂದೆ ಹಿಡಿದು ಹೆಸರು ಹೇಳಿದೆ. ಡಾಕ್ಟರು ಆಮೇಲೆ ತಮಾಷೆ ಮಾಡಲಿಲ್ಲ. ಆಂಬುಲೆನ್ಸಿನಲ್ಲಿ ಗದಗಕ್ಕೆ ಕಳಿಸಿದರು. ಒಂಬತ್ತು ದಿನ ಸಲೈನು. ಮೊದಲ ಮೂರು ದಿನ, ಉಳಿಯುತ್ತಾನೆ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾಕಾ ಉಳಿದ, ಕೂದಲು ಉಳಿಯಲಿಲ್ಲ. ಮನೆಗೆ ಬಂದ ವಾರದಲ್ಲಿ ಎಲ್ಲ ಉದುರಿ ತಲೆ ತಿಕ್ಕಿದ ತಂಬಿಗೆಯಂತಾಯಿತು. "ಹೊರಗಿಂದು ಸ್ವಚ್ಛ ಆತು. ಒಳಗಿಂದೂ ಆಗಿದ್ರ ಚಲೋ ಇತ್ತು!" ಎಂದಳು ಕಾಕಿ. ನಾನೂ ನಕ್ಕೆ. ಆದರೆ ರಾತ್ರಿ ನಾಲ್ಕು ಸಲ ಎದ್ದು, ಅವನ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಕೇಳಿಸಿಕೊಂಡು ಬರುತ್ತಿದ್ದೆ. ಕಣ್ಣು ಮುಚ್ಚಿದರೆ ಏಳು ಹನ್ನೆರಡು.

ಒಂದು ದಿನ ಗಂಜಿ ಕೊಡುತ್ತ ಕಾಕಿ ಮತ್ತೆ ಚುಚ್ಚಿದಳು: "ನನಗ ಒಂದ ತುಂಡರೆ ಕೊಟ್ರೇನ್ರಿ? ದೇವರು ನೋಡೇ ಶಿಕ್ಷಾ ಕೊಟ್ಟ!"

ಕಾಕಾ ಗಂಜಿ ನೋಡುತ್ತ ಹೇಳಿದ: "ಐದನೇದರ ಎಲಿ ನೋಡಿ ನನಗ ಸಂಶೆ ಬಂದಿತ್ತು. ನಿಮಗ ಹ್ಯಾಂಗ ಕೊಡ್ಲಿ?"

"ಮತ್ತ ನೀ ಯಾಕ ತಿಂದಿ ಕಾಕಾ? ಚೆಲ್ಲಬೇಕಾಗಿತ್ತು!" ಎಂದು ಚೀರಿದೆ.

"ಓದಿದಾಕಿ ನೀ, ಹೌದು ಅಂದಿದ್ದಿ. ನಿನ್ನ ಮುಂದ ಹ್ಯಾಂಗ ಚೆಲ್ಲಲಿ? ಮಾರಿ ಸಣ್ಣದು ಮಾಡ್ಕೋತಿದ್ದಿ."

ಕಾಕಿ ಸೆರಗಿನಿಂದ ಗಂಜಿಯ ಬಟ್ಟಲಿನ ಅಂಚು ಒರೆಸಿದಳು. ಅಲ್ಲಿ ಏನೂ ಚೆಲ್ಲಿರಲಿಲ್ಲ.

ಮರುದಿನ ನಾನೇ ಕುಣಿಗಿಳಿದು ಅಗ್ನಿಶಿಖೆಯ ಗಡ್ಡೆಗಳನ್ನೆಲ್ಲ ಕಿತ್ತೆ. ತಿಂಗಳಾದ ಮೇಲೆ ಒಂದು ಬುಧವಾರ ಬೆಳಿಗ್ಗೆ ಹಿತ್ತಲಿನಿಂದ ಮತ್ತೆ ಅದೇ ಕೂಗು: "ಏ ತಂಗಿ! ನೋಡು ಬಾ!"

ಮತ್ತೆ ನನ್ನನ್ನೇ! ಚಹಾ ಕೆಳಗಿಟ್ಟೆ. ಅಜ್ಜ ಕಾಲು ಇಳಿಬಿಡುತ್ತಿದ್ದ ಜಾಗದಲ್ಲಿ ಮೊಣಕಾಲೂರಿ ಕೂತೆ. ಒಂದೇ ಒಂದು ಚಿಗುರು, ಹಳೆಯ ನವಿರು ಗಿಡದ ಬುಡದಿಂದಲೇ ಎದ್ದದ್ದು. ಎಲೆಯಿಲ್ಲ, ಬರೀ ಸಣ್ಣ ಹುರುಪೆಗಳು. ಮಣ್ಣು ಬಿಡಿಸಿ ಬೇರಿನವರೆಗೂ ನೋಡಿದೆ. ಕಾಲು ತಾಸು ಹಿಡಿಯಿತು.

"ಹೌದು ಕಾಕಾ. ಈ ಸಲ ನೋಡಿ ಹೇಳಾಕತ್ತೀನಿ."

ಅವನು ಕೊಯ್ದ. ಹುರಿದು ಮೂರು ತುಂಡು ಮಾಡಿ, ದೊಡ್ಡದನ್ನು ಕಾಕಿಯ ತಟ್ಟೆಗೆ ಹಾಕಿದ. ಕಾಕಿ ಅಗಿದಳು. ಇಬ್ಬರೂ ಅವಳ ಬಾಯಿಯನ್ನೇ ನೋಡಿದೆವು.

"ಇದಕ್ಕ ಮೂರು ವರ್ಷೇನ್ರಿ? ಹಸಿ ಬಟಾಣಿ ತಿಂದಂಗಾತು!"

ಆ ರಾತ್ರಿ ನಾನು ಯಾರ ಉಸಿರನ್ನೂ ಕೇಳಲು ಏಳಲಿಲ್ಲ. ಎಚ್ಚರವಾದಾಗ ಬಿಸಿಲು ಬಂದಿತ್ತು, ಕಾಕಾನ ಮಗ್ಗ ಸದ್ದು ಮಾಡುತ್ತಿತ್ತು.