ದುಪ್ಪಟಿಯ ಮೇಲಿನ ಪಾದಯಾತ್ರೆ

ಕೆಂಪಾಜಮ್ಮ: ನಾ ಬದುಕಿರೋಗಂಟ ಈ ನಡುಮನೇಲಿ ಬಿಳೀ ಬಟ್ಟೆ ಅಡ್ಡ ಕಟ್ಟಕ್ಕೆ ಬುಡಾಕಿಲ್ಲ. ಸತ್ತೋರ ಮನೇಲಿ ಕಟ್ತಾರೆ ಅದ್ನ ಅಂತ ನಿಮಗೂ ಗೊತ್ತು.

ಸ್ವಾಮಿ: ಇದು ಬಟ್ಟೆಯಲ್ಲ ಕಣೇ. ಸ್ಕ್ರೀನು.

ಕೆಂಪಾಜಮ್ಮ: ನೆನ್ನೆ ರಾತ್ರಿ ಇದನ್ನೇ ಒದ್ಕಂಡು ಮಲಗಿದ್ರಿ. ಆಗ ಏನಾಗಿತ್ತು ಇದು?

ಪುಟ್ಟಮಲ್ಲಪ್ಪ: ಅಕ್ಕ ಯೋಳದು ಸರ್ಯಾಗದೆ ಬಾವ. ಬುಟ್ಬುಡಿ. ಫೋನಲ್ಲೇ ಒಬ್ಬೊಬ್ರಿಗೂ ತೋರ್ಸಿ ಕಳಿಸ್ಬುಡಿ. ದೇವ್ರ ವಿಸ್ಯದಲ್ಲಿ ಪಟ ಚಿಕ್ಕದಾಗಿದ್ದಷ್ಟೂ ಬಕ್ತಿ ಜಾಸ್ತಿ.

ಶಿವಕುಮಾರಸ್ವಾಮಿಗಳು ಸ್ಟೂಲಿನ ಮೇಲೆ, ದುಪ್ಪಟಿಯ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಭಾವಮೈದನ ಈ ತತ್ವಜ್ಞಾನವನ್ನು ಕಿವಿಗೆ ಹಾಕಿಕೊಳ್ಳದೆ ಅವರು ಇನ್ನೊಂದು ಮೊಳೆ ಹುಡುಕಿದರು. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕರಾಗಿದ್ದು ನಿವೃತ್ತರಾದವರು ಅವರು. ಕೊಳ್ಳೇಗಾಲ, ಯಳಂದೂರು ಸೀಮೆಯ ಊರೂರು ತಿರುಗಿ, ಹುಳುವಿಗೆ ಸೊಪ್ಪು ಹಾಕುವುದು ಹೇಗೆಂದು, ಹುಟ್ಟಿದಾಗಿನಿಂದ ಹುಳುವಿಗೆ ಸೊಪ್ಪು ಹಾಕುತ್ತಿದ್ದ ರೈತರಿಗೆ ತೋರಿಸಿಕೊಟ್ಟಿದ್ದರು. ಪ್ರದರ್ಶಕ ಎಂಬುದು ಹುದ್ದೆಯ ಹೆಸರೆಂದು ಇಲಾಖೆ ತಿಳಿದಿತ್ತು. ಅದು ಅವರ ಹುಟ್ಟುಗುಣದ ಹೆಸರೆಂದು ಹೆಂಡತಿಗೆ ಮೊದಲೇ ಗೊತ್ತಿತ್ತು.

ಈಗ ಪ್ರದರ್ಶನಕ್ಕೆ ತಕ್ಕ ಕಾರಣವೂ ಒದಗಿತ್ತು. ಪ್ರತಿ ಶಿವರಾತ್ರಿಗೆ ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಜನರನ್ನು ನಡೆಸಿಕೊಂಡು ಹೋಗುವ ಸಂಘವೊಂದು ಅವರ ಬೀದಿಯಲ್ಲಿದೆ. ಅದಕ್ಕೆ ಹೊಸ ಅಧ್ಯಕ್ಷರು ಬೇಕಾಗಿದ್ದರು. ಅಧ್ಯಕ್ಷನಾಗುವವನು ಒಂದು ಸಲವಾದರೂ ಬರಿಗಾಲಲ್ಲಿ ಬೆಟ್ಟ ಮುಟ್ಟಿರಬೇಕು ಎಂಬುದು ಸಂಘದ ಕಟ್ಟಳೆ. ಸ್ವಾಮಿಗಳು ಮೊನ್ನೆ ಅಮಾವಾಸ್ಯೆಗೆ ಅದನ್ನೂ ಮುಗಿಸಿ ಬಂದಿದ್ದರು. ಗಂಡನ ಮಂಡಿನೋವು ನಿಂತರೆ ಅವರನ್ನು ನಡೆಸಿಯೇ ನಿನ್ನ ಹತ್ತಿರ ಕಳಿಸುತ್ತೇನೆ ಎಂದು ಕೆಂಪಾಜಮ್ಮ ಮಾದಪ್ಪನಿಗೆ ಹರಕೆ ಹೊತ್ತು, ವರ್ಷವೆಲ್ಲ ಸೋಮವಾರ ಒಪ್ಪೊತ್ತು ಮಾಡಿದ್ದರು. ಹರಕೆ ತೀರಿತು, ಸಂಘದ ಕಟ್ಟಳೆಯೂ ತೀರಿತು. ಜೊತೆಗೆ ನಡೆದ ಸಾಕ್ಷಿ ಬೇರೆ ಇದ್ದ: ಕೆಂಪಾಜಮ್ಮನ ಸ್ವಂತ ತಮ್ಮ, ಕುಂತೂರಿನ ಕಬ್ಬು ಬೆಳೆಗಾರ ಪುಟ್ಟಮಲ್ಲಪ್ಪ.

ಸಂಜೆ ನಾಲ್ಕಕ್ಕೆ ಈಗಿನ ಅಧ್ಯಕ್ಷ ಮಂಟೇಸ್ವಾಮಿಯವರು ಸಂಘದವರನ್ನು ಕರೆದುಕೊಂಡು ಬಂದು, ಯಾತ್ರೆಯ ಚಿತ್ರ ನೋಡಿ, ತೀರ್ಮಾನ ಹೇಳುವುದೆಂದು ಮಾತಾಗಿತ್ತು. ಫೋನು ತೋರಿಸಿದ್ದರೆ ಸಾಕಿತ್ತು. ಆದರೆ ಅಂಗೈಯಗಲದ ಗಾಜಿನಲ್ಲಿ ಅಧ್ಯಕ್ಷನೊಬ್ಬ ಹಿಡಿಸುತ್ತಾನೆಯೇ? ಹಾಗಾಗಿ ಪೆಟ್ಟಿಗೆಯಲ್ಲಿ ಪ್ರೊಜೆಕ್ಟರು ಬಂದಿತ್ತು.

ದುಪ್ಪಟಿಯ ವ್ಯಾಜ್ಯ ಅರ್ಧ ಗಂಟೆ ನಡೆಯಿತು. ಬರೀ ಗೋಡೆ ಸಾಲದೇ ಎಂದು ಕೆಂಪಾಜಮ್ಮ ಕೇಳಿದರು. ಗೋಡೆಗೆ ಗಿಳಿಹಸಿರು ಬಣ್ಣ, ಅದರ ಮೇಲೆ ತಮ್ಮ ಮುಖ ಬಿದ್ದರೆ ಹಾಗಲಕಾಯಿಯಂತೆ ಕಾಣುತ್ತದೆ ಎಂದು ಸ್ವಾಮಿಗಳು ಹೇಳಿದರು. ಕಡೆಗೆ ದುಪ್ಪಟಿಯ ನಾಲ್ಕು ಮೂಲೆಗೂ ಅರಿಸಿನ ಬಳಿದರೆ ಅದು ಮಂಗಳದ ಬಟ್ಟೆಯಾಗುತ್ತದೆ ಎಂಬಲ್ಲಿಗೆ ರಾಜಿಯಾಯಿತು. ಕಿಟಕಿಗಳಿಗೆ ಕಂಬಳಿ ಬಿತ್ತು. ಮಣೆ, ಅದರ ಮೇಲೆ ರಾಗಿ ಅಳೆಯುವ ಸೇರು, ಅದರ ಮೇಲೆ ಪ್ರೊಜೆಕ್ಟರು. ಗುಂಡಿ ಒತ್ತಿದರೆ ಸ್ವಾಮಿಗಳೆಂದು ಅಂದಾಜಿಸಬಹುದಾದ ಮಸುಕು ಆಕೃತಿಯೊಂದು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿತು. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ್ದಾಯಿತು. ಯಂತ್ರ ಚೀನೀ ಭಾಷೆಗೆ ತಿರುಗಿತೇ ಹೊರತು ಅವರು ನೆಟ್ಟಗಾಗಲಿಲ್ಲ. ಕೊನೆಗೆ ಯಂತ್ರವನ್ನೇ ಬೋರಲು ಮಲಗಿಸಿದರು. ಮೊದಲಿನಿಂದಲೂ ತಮ್ಮ ಉದ್ದೇಶ ಇದೇ ಆಗಿತ್ತು ಎಂದು ಸ್ವಾಮಿಗಳು ತಿಳಿಸಿದರು.

ಚಿತ್ರ ನೆಟ್ಟಗೆ ನಿಂತಿತು. ಆದರೆ ಅದು ಯಾವುದರ ಚಿತ್ರ ಎಂದು ಹೇಳುವಂತಿರಲಿಲ್ಲ. ದುಪ್ಪಟಿಯ ತುಂಬ ಮಂಜು ಕವಿದಿತ್ತು.

ಸ್ವಾಮಿ: ಇದು ಹನೂರು ದಾಟಿದ ಮೇಲೆ. ಬಿಸಿಲು ನೋಡು ಹೇಗಿತ್ತು.

ಕೆಂಪಾಜಮ್ಮ: ಬಿಸ್ಲು ಎಲ್ಲದೆ? ಇಟ್ಟಿನ ಗಿರಣಿ ಒಳಗೆ ನೋಡ್ದಂಗದೆ.

ಸ್ವಾಮಿ: ಫೋಕಸ್ ಆಗಬೇಕು. ಇದು ಕೌದಳ್ಳಿ. ಇಲ್ಲಿ ಮಜ್ಜಿಗೆ ಕೊಟ್ಟರು. ಈ ಬೆಳ್ಳಗಿರುವುದು ಮಜ್ಜಿಗೆ.

ಕೆಂಪಾಜಮ್ಮ: ಎಲ್ಲಾನೂ ಬೆಳ್ಳಗೇ ಅದೆ. ಮಜ್ಜಿಗೆ ಯಾವ್ದು, ನೀವ್ಯಾವ್ದು?

ಪುಟ್ಟಮಲ್ಲಪ್ಪ: ಭೇಷಾಗಿ ಕಾಣ್ತದಲ್ಲಕ್ಕ. ಇಂಗೇ ಇರ್ಲಿ ಬಾವ, ಇನ್ನೇನೂ ಮುಟ್ಬ್ಯಾಡಿ. ಬೆಟ್ಟ ಅಂದ್ರೆ ಮಂಜು ಇರ್ಬೇಕು.

ಸ್ವಾಮಿಗಳು ಲೆನ್ಸಿನ ಬಳೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಮಂಜು ದಪ್ಪವಾಯಿತು, ತೆಳುವಾಯಿತು, ಹೋಗಲಿಲ್ಲ. ಬಗ್ಗಿ ಯಂತ್ರದ ಮೂತಿಗೆ ಮೂತಿಯಿಟ್ಟು ನೋಡಿದರು. ಲೆನ್ಸಿನ ಮೇಲೆ ಮೂರು ಬೆರಳಿನ ಪಟ್ಟೆ ಒತ್ತಾಗಿ ಎಳೆದಿತ್ತು; ನಡುವೆ ಕುಂಕುಮ.

ಸ್ವಾಮಿ: ಇದಕ್ಕೆ ವಿಭೂತಿ ಹಚ್ಚಿದವರು ಯಾರು?

ಕೆಂಪಾಜಮ್ಮ: ನಾನೇ. ಒಸಾ ಮಿಸೀನು ಪೂಜೆ ಇಲ್ದೆ ಓಡ್ಸದುಂಟಾ? ನಿಮ್ಮ ಸ್ಕೂಟರ್‌ಗೆ ಅಚ್ಚಿರ್ನಿಲ್ವಾ? ಪಂಪ್‌ಸೆಟ್ಟಿಗೆ ಅಚ್ಚಿರ್ನಿಲ್ವಾ? ನೀವು ಬೆಟ್ಟದಿಂದ ತಂದಿದ್ದೇ ಇಭೂತಿ.

ಸ್ವಾಮಿ: ಹಚ್ಚು, ಬೇಡ ಅಂದವರು ಯಾರು? ಮೇಲೆ ಇಷ್ಟಗಲ ಜಾಗ ಇದೆಯಲ್ಲ.

ಕೆಂಪಾಜಮ್ಮ: ಅಣೆಗೆ ಅಚ್ಚದು ಪದ್ಧತಿ. ಒಂದೇ ಕಣ್ಣಿರೋದಕ್ಕೆ ಅಣೆ ಎಲ್ಲಿ ಅಂತ ಉಡುಕ್ಲಿ? ಅಂದಾಜಿಗೆ ಅಚ್ಚಿವ್ನಿ.

ಸ್ವಾಮಿಗಳು ಕನ್ನಡಕ ಒರೆಸುವ ಬಟ್ಟೆ ತೆಗೆದರು. ಪುಟ್ಟಮಲ್ಲಪ್ಪ ಎದ್ದು ಬಂದು ಅವರ ಕೈ ಹಿಡಿದ.

ಪುಟ್ಟಮಲ್ಲಪ್ಪ: ಬ್ಯಾಡಿ ಬಾವ. ಮಾದಪ್ಪನ ಇಭೂತಿ ಅದು. ಒರೆಸ್ಬಾರ್ದು.

ಸ್ವಾಮಿ: ಮಾದಪ್ಪನಿಗೂ ಚಿತ್ರ ಕಾಣಬೇಕಲ್ಲಯ್ಯ.

ಒರೆಸಿದರು. ಮಂಜು ಸರ್ರನೆ ಸರಿಯಿತು. ದುಪ್ಪಟಿಯ ಮೇಲೆ, ನೆಲದಿಂದ ಸೂರಿನವರೆಗೆ, ತಳಬೆಟ್ಟದ ಬೆಳಗಿನ ಬಿಸಿಲಲ್ಲಿ ಶಿವಕುಮಾರಸ್ವಾಮಿಗಳು ನಿಂತಿದ್ದರು. ಕೈಯಲ್ಲಿ ಬೆತ್ತ, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಚೀಲ, ಹಿಂದೆ ಬೆಟ್ಟ. ತಮ್ಮನ್ನು ಇಷ್ಟು ದೊಡ್ಡದಾಗಿ ಅವರೇ ಎಂದೂ ಕಂಡಿರಲಿಲ್ಲ. ಇಷ್ಟು ದೊಡ್ಡವರಿದ್ದೇವೆ ಎಂಬ ಅನುಮಾನ ಮಾತ್ರ ಮೊದಲಿನಿಂದಲೂ ಇತ್ತು. ಅಧ್ಯಕ್ಷ ಪದವಿ ಆ ಚಿತ್ರದ ಪಕ್ಕದಲ್ಲೇ ಬಂದು ನಿಂತ ಹಾಗಾಗಿ ಅವರ ಕಣ್ಣು ತುಂಬಿತು.

ಕೆಂಪಾಜಮ್ಮನ ಕಣ್ಣು ಚಿತ್ರದ ಕೆಳಭಾಗದಲ್ಲಿತ್ತು.

ಕೆಂಪಾಜಮ್ಮ: ನಿಮ್ಮ ಕಾಲತ್ರ ಇರೋ ನೆಳ್ಳು ಯಾವ್ದು?

ಸ್ವಾಮಿ: ಮರದ್ದು.

ಕೆಂಪಾಜಮ್ಮ: ಮರಕ್ಕೆ ಸಾಲಾಗಿ ಕಿಟಕಿ ಇರ್ತವಾ?

ಸ್ವಾಮಿಗಳು ನೋಡಿದರು. ಫೋನಿನಲ್ಲಿ ಬೆರಳುಗುರಿನಷ್ಟಿದ್ದು, ಏನೋ ಕಪ್ಪು ಎಂದು ಬಿಟ್ಟಿದ್ದ ಆ ನೆರಳು ಈಗ ದುಪ್ಪಟಿಯಲ್ಲಿ ಎರಡು ಮಾರು ಉದ್ದ ಮಲಗಿತ್ತು. ಒಂದರ ಪಕ್ಕ ಒಂದು ಬೆಳಕಿನ ಚೌಕ.

ಸ್ವಾಮಿ: ಅದು... ಅಲ್ಲೊಂದು ಛತ್ರ ಇದೆ.

ಕೆಂಪಾಜಮ್ಮ: ಛತ್ರಕ್ಕೆ ಚಕ್ರ ಬೇರೆ ಮಡಗವ್ರಾ?

ಸ್ವಾಮಿ: ಲೇ ಮಲ್ಲಪ್ಪ, ಆರ್ಸು ಅದನ್ನ.

ಪುಟ್ಟಮಲ್ಲಪ್ಪ ರಿಮೋಟು ಕಿತ್ತುಕೊಂಡು ಕೈಗೆ ಸಿಕ್ಕಿದ ಗುಂಡಿ ಒತ್ತಿದ. ಚಿತ್ರ ಆರಲಿಲ್ಲ, ದೊಡ್ಡದಾಯಿತು. ಇನ್ನೊಮ್ಮೆ ಒತ್ತಿದ, ಇನ್ನೂ ದೊಡ್ಡದಾಯಿತು. ಸ್ವಾಮಿಗಳ ತಲೆ ಸೂರಿನೊಳಗೆ ಹೋಗಿ, ದುಪ್ಪಟಿಯ ತುಂಬ ಬಸ್ಸಿನ ನೆರಳೊಂದೇ ಉಳಿಯಿತು. ಹಿಂದೆ ಏಣಿ, ಬಾಗಿಲಲ್ಲಿ ಕೈಯೆತ್ತಿ ಏನನ್ನೋ ಹಿಡಿದು ನಿಂತ ಒಬ್ಬ ಮನುಷ್ಯ.

ಪುಟ್ಟಮಲ್ಲಪ್ಪ: ಇಭೂತಿ ಒರೆಸ್ಬ್ಯಾಡಿ ಅಂದೆ. ಕೇಳ್ದ್ರಾ ಬಾವ?

ಈ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಕೆಂಪಾಜಮ್ಮ ನಿಧಾನವಾಗಿ ತಮ್ಮನ ಕಡೆ ತಿರುಗಿದರು.

ಕೆಂಪಾಜಮ್ಮ: ಬಾಗಲಲ್ಲಿ ನಿಂತ್ಕಂಡು ಪಟ ತೆಗೀತಿರೋನು ಯಾರ್ಲಾ ಮಲ್ಲ?

ಅವನು ರಿಮೋಟನ್ನು ಬೆನ್ನ ಹಿಂದೆ ಮರೆಮಾಡಿದ. ಆಮೇಲೆ ಎಲ್ಲ ಹೊರಗೆ ಬಂತು; ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡು ಹೇಳಿದರು. ಕೊಳ್ಳೇಗಾಲ ಬಿಟ್ಟ ಕೂಡಲೇ ಸಿಗುವ ಮಧುವನಹಳ್ಳಿಯವರೆಗೆ ನಡೆದದ್ದು ನಿಜ. ಅಲ್ಲಿ ಭಾವನ ಮಂಡಿ ಹಿಡಿಯಿತು ಎಂದು ಪುಟ್ಟಮಲ್ಲಪ್ಪ, ಅಲ್ಲಿ ಇವನಿಗೆ ಬಸ್ಸು ಕಾಣಿಸಿತು ಎಂದು ಸ್ವಾಮಿಗಳು. ತಳಬೆಟ್ಟದಲ್ಲಿ ಬಸ್ಸು ನಿಂತಾಗ ಸ್ವಾಮಿಗಳು ಇಳಿದು ನಿಂತರು. ಇಳಿದರೆ ನಿಂತ ಜಾಗ ಹೋದೀತೆಂದು ಮಲ್ಲಪ್ಪ ಬಾಗಿಲಿಂದಲೇ ಫೋನು ಹಿಡಿದ. ಮಿಕ್ಕ ಚಿತ್ರಗಳನ್ನು ಬರುವಾಗ ಹನೂರಲ್ಲೂ ಕೌದಳ್ಳಿಯಲ್ಲೂ ಇಳಿದು ತೆಗೆದದ್ದು. ಬೇಗ ಮನೆಗೆ ಬಂದರೆ ಗೊತ್ತಾಗುತ್ತದೆಂದು ಬೆಟ್ಟದ ಛತ್ರದಲ್ಲಿ ಬಿದ್ದುಕೊಂಡಿದ್ದರು.

ಕೆಂಪಾಜಮ್ಮ ನಡುಮನೆಯ ಕಂಬಕ್ಕೆ ಒರಗಿ ಕುಳಿತರು.

ಕೆಂಪಾಜಮ್ಮ: ಬಂದಾಗ ಇಬ್ರ ಕಾಲನ್ನೂ ತೊಳ್ದೆ ನಾನು. ಆ ನೀರ್ನ ಕಣ್ಗೆ ಒತ್ಕಂಡೆ. ನೀರು ಯಾಕೆ ಇಷ್ಟು ತಿಳಿಯಾಗದೆ ಅಂತ ಆಗ್ಲೇ ಅಂದ್ಕಂಡೆ. ಮಾದಪ್ಪನ ದಯ, ಧೂಳೂ ಮೆತ್ತಿಲ್ಲ ಅಂದ್ಕಂಡು ಸುಮ್ಕಾದೆ.

ಇಬ್ಬರೂ ಪಂಚೆಯನ್ನು ಪಾದ ಮುಚ್ಚುವಷ್ಟು ಇಳಿಬಿಟ್ಟುಕೊಂಡರು.

ಕೆಂಪಾಜಮ್ಮ: ಅರಕೆ ಒತ್ತೋಳು ನಾನು. ನಿಮ್ಮಿಂದ ಮಾದಪ್ಪನ ಮುಂದೆ ನಾನು ಸುಳ್ಳುಗಾತಿ ಆದೆ. ಬರೋ ಅಮಾಸೆಗೆ ಇಬ್ರೂ ನಡೀತೀರಿ. ಇಂದ್ಗಡೆ ನಾನು ಬತ್ತೀನಿ.

ಸ್ವಾಮಿ: ಬಸ್ಸಲ್ಲಾ?

ಕೆಂಪಾಜಮ್ಮ: ಬೆತ್ತ ಇಡ್ಕಂಡು.

ಸ್ವಾಮಿಗಳು ತಲೆಯಾಡಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸಂಘ ಬಂದಿತ್ತು. ಪುಟ್ಟಮಲ್ಲಪ್ಪ ರಿಮೋಟನ್ನು ಅದುಮಿದ, ಕುಟ್ಟಿದ, ಚಿತ್ರ ಕದಲಲಿಲ್ಲ. ಬೇರೆ ದಾರಿಯಿಲ್ಲದೆ ಸ್ವಾಮಿಗಳು ಓಡಿ ದುಪ್ಪಟಿಯ ಮುಂದೆ ಎರಡು ಕೈ ಚಾಚಿ ನಿಂತರು. ಬಸ್ಸು ದುಪ್ಪಟಿಯಿಂದ ಅವರ ಬಿಳಿ ಜುಬ್ಬದ ಮೇಲೆ ಬಂತು. ಹೊಟ್ಟೆಯ ಮೇಲೆ ಎರಡು ಕಿಟಕಿ, ತೋಳಿನ ಮೇಲೆ ಏಣಿ.

ಮಂಟೇಸ್ವಾಮಿಯವರು ಒಳಗೆ ಬಂದು ಬಹಳ ಹೊತ್ತು ಸ್ವಾಮಿಗಳ ತೋಳನ್ನು ನೋಡಿದರು. ಅಧ್ಯಕ್ಷಗಿರಿಯ ಆಸೆಯನ್ನು ಸ್ವಾಮಿಗಳು ಆಗಲೇ ಮನಸ್ಸಿನಲ್ಲಿ ಬಿಟ್ಟುಕೊಟ್ಟಿದ್ದರು. ಬೀದಿಯಲ್ಲಿ ಮಾನವೊಂದು ಉಳಿದರೆ ಸಾಕಾಗಿತ್ತು.

ಮಂಟೇಸ್ವಾಮಿ: ವಸಿ ಸರ್ಕೊಳಿ ಸಾ, ಏಣಿ ಸರ್ಯಾಗಿ ಕಾಣ್ತಿಲ್ಲ. ಮ್. ಬೆಳಗಿನ ಮೊದಲ್ನೇ ಬಸ್ಸಲ್ವಾ ಇದು? ಏಣೀಲಿ ಒಂದು ಮೆಟ್ಲು ಇಲ್ಲ ನೋಡಿ. ಅದೇಯ.

ಕೆಂಪಾಜಮ್ಮ: ಬಸ್ಸಿನ ಮೆಟ್ಲು ನಿಮಗೆಂಗೆ ಗೊತ್ತಣ್ಣ? ವರ್ಸವರ್ಸವೂ ನಡ್ಕಂಡೇ ಓಗೋರಲ್ವಾ ನೀವು?

ಮಂಟೇಸ್ವಾಮಿ: ಜನ ನಡೀತಾರೆ ತಾಯಿ. ಅಧ್ಯಕ್ಷ ಮುಂದಾಗಿ ಓಗಿ ಅವರ ಊಟಕ್ಕೆ ಒಲೆ ಊಡ್ಸಬೇಕಲ್ಲ.

ಅವರ ಮುಖದಲ್ಲಿ ಅಳುಕೇ ಇರಲಿಲ್ಲ. ಜೊತೆಗೆ ಬಂದವರೂ ಇದು ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ ನಿಂತಿದ್ದರು. ಸ್ವಾಮಿಗಳ ಜೀವ ಮರಳಿತು. ಚಾಚಿದ ಕೈಗಳನ್ನು ಇಳಿಸಿದರು.

ಮಂಟೇಸ್ವಾಮಿ: ಅದು ಯಾವತ್ತೂ ರಶ್ಶು. ಸೀಟು ಸಿಕ್ತಾ ನಿಮಗೆ?

ಸ್ವಾಮಿ: ಸಿಗದೆ ಏನು? ಡ್ರೈವರ್ ಹಿಂದೆಯೇ, ಕಿಟಕಿ ಪಕ್ಕ. ಟವೆಲ್ ಹಾಕಿ ಹಿಡಿದೆ.

ಮಂಟೇಸ್ವಾಮಿಯವರ ಮುಖ ಸಪ್ಪಗಾಯಿತು.

ಮಂಟೇಸ್ವಾಮಿ: ಕುಂತ್ಕಂಡ್ರಾ? ತಪ್ಪು ಮಾಡ್ಬುಟ್ರಲ್ಲ ಸಾ. ನಾನು ಇಷ್ಟು ವರ್ಸ ಓಯ್ತಾವ್ನಿ, ಸೀಟು ಖಾಲಿ ಇದ್ರೂ ಕುಂತೋನಲ್ಲ. ಬರಿಗಾಲಲ್ಲಿ ಬೆಟ್ಟದಗಂಟ ನಿಂತ್ಕಂಡೇ ಓಗದು. ಕುಂತ್ಕಂಡು ಓದೋರ್ನ ಪಾದಯಾತ್ರೆ ಸಂಗಕ್ಕೆ ಎಂಗೆ ಅಧ್ಯಕ್ಷರ್ನ ಮಾಡಾನ? ಜನ ಏನಂದಾರು?

ಪುಟ್ಟಮಲ್ಲಪ್ಪ ಮೂಲೆಯಿಂದ ಒಂದು ಸಲ ಕೆಮ್ಮಿದ.

ಪುಟ್ಟಮಲ್ಲಪ್ಪ: ನಾನು ನಿಂತಿದ್ದೆ ಸಾ. ನೆಳ್ಳಲ್ಲೇ ಅದೆ ನೋಡಿ, ಬಾಗಲಲ್ಲಿ. ಕುಂತಿಲ್ಲ.

ಸಂಘ ದುಪ್ಪಟಿಯ ಹತ್ತಿರ ಹೋಗಿ ನೆರಳನ್ನು ಪರೀಕ್ಷಿಸಿತು. ನಿಂತಿರುವುದು ನಿಜವೆಂದು ಎಲ್ಲರೂ ಒಪ್ಪಿದರು. ಪುಟ್ಟಮಲ್ಲಪ್ಪ ಕುಂತೂರಿನವನಾದರೂ ಅಕ್ಕನ ಮನೆ ಈ ಬೀದಿಯಲ್ಲೇ ಇರುವುದರಿಂದ ಅವನೇ ಅಧ್ಯಕ್ಷನಾಗಲು ಅಡ್ಡಿಯಿಲ್ಲವೆಂದೂ ಆಯಿತು. ಹೊಸ ಅಧ್ಯಕ್ಷರನ್ನು ಕೂರಿಸಲು ಯಾರೋ ಕುರ್ಚಿ ಎಳೆದರು. ಕೆಂಪಾಜಮ್ಮ ಎದ್ದು ಬಂದು ಕುರ್ಚಿಯನ್ನು ಕಿತ್ತು ಗೋಡೆಗೆ ಒರಗಿಸಿದರು.

ಕೆಂಪಾಜಮ್ಮ: ಕಾಪಿ ತತ್ತೀನಿ. ಎಲ್ರೂ ನಿಂತ್ಕಂಡೇ ಕುಡೀರಿ. ಕುಂತ್ರೆ ಪುಣ್ಯ ಒಂಟೋಯ್ತದೆ.